ವಂದನೆಯ ಪುಟ

ಹನ್ನೊಂದನೆಯ ಮಡಚುಕುರ್ಚಿ ಬಿಡಿಸುವಾಗ ರತ್ನಾಳ ಬೆರಳು ಕೀಲಿಗೆ ಸಿಕ್ಕಿಕೊಂಡಿತು. ಆ ಕುರ್ಚಿ ಕಚ್ಚುತ್ತದೆ ಎಂದು ಸುಲೋಚನಮ್ಮ ಪ್ರತಿ ಭಾನುವಾರ ಎಚ್ಚರಿಸುತ್ತಿದ್ದರು. ಇವತ್ತು ಹತ್ತೂವರೆಗೆ ಅವರೇ ಪೆಟ್ಟಿಗೆಯಲ್ಲಿ ಬರುವವರಿದ್ದರು. ರನ್‌ಕಾರ್ನ್ ಬಡಾವಣೆಯ ಅವರ ಮನೆಯ ಗ್ಯಾರೇಜಿನಲ್ಲಿ ಅರ್ಧ ಗಂಟೆ ಆರಾಧನೆ, ಆಮೇಲೆ ಸಿಮೆಟ್ರಿ.

ಅವರ ಮಗಳು ರಂಜನಿ ಒಳಗಿನಿಂದ ನೀಲಿ ರಟ್ಟಿನ ನೋಟ್‌ಬುಕ್ ತಂದಳು.

"ರತ್ನಾ ಆಂಟಿ, ಮಮ್ಮಿ ಸೆಡ್ ಯು ಶುಡ್ ರೀಡ್."

"ನಾನಾ? ಬೇಡ ಕಣೇ. ರಮಾಕಾಂತ್ ಅಂಕಲ್ ಇದಾರಲ್ಲ, ಸಭೆ ಹಿರಿಯರು ಅವರೇ."

"ನೋ. ಶಿ ಸೆಡ್ ರತ್ನಾ. ಟ್ವೈಸ್."

ರತ್ನಾ ನೋಟ್‌ಬುಕ್ ತೆಗೆದುಕೊಂಡಳು.

*

ಒಂಬತ್ತು ವರ್ಷದ ಹಿಂದೆ ಇಲ್ಲಿ ಓದುತ್ತಿದ್ದವರು ಸುಲೋಚನಮ್ಮನೇ. ಸನ್ನಿಬ್ಯಾಂಕಿನ ಅಂಗಡಿಯಲ್ಲಿ ವಾರವೆಲ್ಲ ತರಕಾರಿ ಜೋಡಿಸಿ, ಭಾನುವಾರ ಗ್ಯಾರೇಜಿನಿಂದ ಕಾರು ಹೊರಗೆ ಹಾಕಿ ಕನ್ನಡದ ಸಭೆ ಸೇರಿಸುತ್ತಿದ್ದರು. "ಆದಿಸಭೆಯವರಿಗೆ ಚರ್ಚೆಲ್ಲಿತ್ತು? ಯಾರದೋ ಮನೇಲಿ ಸೇರೋರು, ದೂರದಿಂದ ಬಂದ ಪತ್ರಾನ ಒಬ್ರು ಓದೋರು, ಮಿಕ್ಕೋರು ಕೇಳೋರು. ನಾವೂ ಹಂಗೇ" ಎನ್ನುತ್ತ ಬೈಬಲಿನ ಆ ಪತ್ರಗಳನ್ನೆಲ್ಲ ನೀಲಿ ನೋಟ್‌ಬುಕ್ಕಿಗೆ ಕೈಯಾರೆ ನಕಲು ಮಾಡಿಕೊಂಡಿದ್ದರು. ಪತ್ರದ ಕೊನೆಯಲ್ಲಿ ಬರುವ ಹೆಸರುಗಳಿಗೆಲ್ಲ, ಒಂದೂ ಬಿಡದೆ, ವಂದನೆ ಹೇಳುತ್ತಿದ್ದರು. ಅದರ ಬೆನ್ನಿಗೇ ಗ್ಯಾರೇಜಿನಲ್ಲಿ ಕೂತವರ ಹೆಸರು. ಊರು ಬಿಟ್ಟು ಓದಲು ಬಂದ ಮಕ್ಕಳು ಆ ಒಂದು ವಂದನೆಗಾಗಿಯೇ ಎರಡು ಬಸ್ಸು ಬದಲಿಸಿ ಬರುತ್ತಿದ್ದರು.

ರತ್ನಾಳಿಗೆ ಹೊಟ್ಟೆಕಿಚ್ಚು. ತರಕಾರಿ ಜೋಡಿಸುವ ಹೆಂಗಸು ಸಭೆ ನಡೆಸುವುದೇ? ಅಡಿಲೇಡಿನ ಮಾಡ್ಬರಿಯಲ್ಲಿದ್ದ ಪಾದ್ರಿ ಅಯ್ಯನವರಿಗೆ, ತನ್ನ ಹೆಸರು ಹಾಕದೆ, ದೂರು ಬರೆದಳು. ಅಯ್ಯನವರು ವಿಮಾನದಲ್ಲಿ ಬಂದರು, ಸುಲೋಚನಮ್ಮನ ಕೈಯಲ್ಲೇ ಎರಡು ಸಲ ಟೀ ಕುಡಿದರು, ಓದುವ ಕೆಲಸವನ್ನು ರಮಾಕಾಂತ್‌ಗೆ ಒಪ್ಪಿಸಿ ಹೋದರು.

"ಆಯ್ತು ಅಯ್ಯನವರೇ. ನಾನು ಸಭೆಗೆ ರೊಟ್ಟಿ ಮಾಡ್ಕೊಂಡಿರ್ತೀನಿ" ಎಂದಷ್ಟೇ ಹೇಳಿದರು ಸುಲೋಚನಮ್ಮ.

ರಮಾಕಾಂತ್ ಕೆಟ್ಟವನಲ್ಲ. ಆದರೆ ಹೆಸರುಗಳ ಪುಟ ಬಂದರೆ, "ಇವೆಲ್ಲ ಹಳೇ ಕಾಲದೋರು, ಬಿಡಿ" ಎಂದು ಹಾರಿಸಿಬಿಡುತ್ತಿದ್ದ. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅದನ್ನೆಲ್ಲ ನೋಡುತ್ತಲೇ ಇದ್ದ ರತ್ನಾ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

*

ಪೆಟ್ಟಿಗೆ ಬಂತು. ಕುರ್ಚಿ ಸಾಲದೆ ಜನ ಡ್ರೈವ್‌ವೇಯಲ್ಲಿ ನಿಂತರು. ಪರ್ತ್‌ನ ಗಣಿ ಕೆಲಸ ಬಿಟ್ಟು ಓಡಿಬಂದಿದ್ದ, ಆ ಮಕ್ಕಳಲ್ಲೊಬ್ಬನಾದ ಪ್ರಜ್ವಲ ಬ್ಯಾಗನ್ನೂ ಕೆಳಗಿಡದೆ ಅಳುತ್ತಿದ್ದ.

ರತ್ನಾ ನೋಟ್‌ಬುಕ್ಕಿನಿಂದ ಪತ್ರ ಓದಿದಳು. ಹೆಸರುಗಳ ಪುಟ ಬಂತು. ಹಳೆಯ ಕಾಲದವರದ್ದು ಶಾಯಿಯಲ್ಲಿ, ಕೆಳಗೆ ಗ್ಯಾರೇಜಿನವರದ್ದು ಪೆನ್ಸಿಲಿನಲ್ಲಿ. ಬಿಟ್ಟು ಹೋದವರ ಒಂದು ಹೆಸರನ್ನೂ ಅಳಿಸಿರಲಿಲ್ಲ. ಪಕ್ಕದಲ್ಲಿ ಅವರು ಹೋದ ಊರು ಬರೆದಿತ್ತು. "ಪರ್ತ್‌ನಲ್ಲಿರುವ ಪ್ರಜ್ವಲನಿಗೆ ವಂದನೆ" ಎಂದು ಓದಿದಾಗ ಅವನು ಬ್ಯಾಗಿನ ಮೇಲೆಯೇ ಕುಸಿದು ಕೂತ.

ಕೊನೆಯ ಸಾಲಿಗೆ ಬಂದು ರತ್ನಾಳ ದನಿ ನಿಂತಿತು.

"ಯಾಕೆ? ಅಕ್ಷರ ಕಾಣ್ತಿಲ್ವಾ? ಕೊಡಿ ನಾನು ಓದ್ತೀನಿ" ಎಂದು ರಮಾಕಾಂತ್ ಎದ್ದ.

"ಕಾಣ್ತಿದೆ. ನಾನೇ ಓದ್ಬೇಕು." ಅವಳು ಸಾಲಿನ ಕೆಳಗೆ ಬೆರಳಿಟ್ಟಳು. "ರತ್ನಾಳಿಗೆ ವಂದನೆ. ಅಯ್ಯನವರು ಅವಳ ಪತ್ರವನ್ನು ನನಗೆ ತೋರಿಸಿದ ದಿನವೇ ಆ ದುಂಡನೆಯ ಅಕ್ಷರ ಗುರುತು ಸಿಕ್ಕಿತ್ತು. ಎಷ್ಟು ಚೆಂದದ ಅಕ್ಷರ. ನನ್ನ ನಂತರ ಈ ಪುಸ್ತಕ ಅವಳೇ ಬರೆಯಲಿ."

ರಮಾಕಾಂತ್ ಮತ್ತೆ ಕುರ್ಚಿಯಲ್ಲಿ ಕೂತ.

"ಆವತ್ತು ದೂರು ಬರ್ದೋಳು ನಾನೇ" ಎಂದಳು ರತ್ನಾ. "ಅಮ್ಮನ ಬಾಯಿ ಕಟ್ಟಿದ್ದು ನಾನು."

ರಂಜನಿ ಅವಳ ಭುಜದ ಮೇಲೆ ಕೈಯಿಟ್ಟಳು. "ಮಮ್ಮಿ ನ್ಯೂ ಇಟ್ ವಾಸ್ ಯು, ಆಂಟಿ. ಆಲ್ವೇಸ್."

ರತ್ನಾ ಪುಟವನ್ನು ಮೇಲಿಂದ ಕೆಳಗೆ ಮತ್ತೆ ಹುಡುಕಿದಳು. ಅಷ್ಟು ಹೆಸರುಗಳಲ್ಲಿ ಒಂದು ಮಾತ್ರ ಇರಲಿಲ್ಲ. ಪೆಟ್ಟಿಗೆ ಎತ್ತಲು ಬಂದವರನ್ನು ಒಂದು ನಿಮಿಷ ನಿಲ್ಲಿಸಿದಳು. ನೋಟ್‌ಬುಕ್ಕನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಡಿಸಿಟ್ಟು, ದಾರದಲ್ಲಿ ಕಟ್ಟಿದ್ದ ಮೊಂಡು ಪೆನ್ಸಿಲ್ ಹಿಡಿದು, ತನ್ನ ದುಂಡನೆಯ ಅಕ್ಷರದಲ್ಲಿ ನಿಧಾನವಾಗಿ ಬರೆಯತೊಡಗಿದಳು: ಸುಲೋಚನಮ್ಮನವರಿಗೆ ವಂದನೆ.