ಮಲಗುವ ಆಟ

ಕಾಯಿಲೆ ಮಕ್ಕಳ ಆ ಆಶ್ರಮ ಶುರುವಾದದ್ದು ಒಂದು ದನದ ಕೊಟ್ಟಿಗೆಯಲ್ಲಿ. ಕೆಲಸದಿಂದ ನಿವೃತ್ತಳಾದ ನರ್ಸಮ್ಮ ಗೊಂತು ಕೀಳಿಸಿ, ಗೋಡೆಗೆ ಸುಣ್ಣ ಬಳಿಸಿ, ನಾಲ್ಕು ಮಂಚ ಹಾಕಿಸಿದ್ದಳು. ವರ್ಷಗಟ್ಟಲೆ ಗುಣವಾಗದ ಮಕ್ಕಳನ್ನು ಹೆತ್ತವರು ಅಲ್ಲಿಗೆ ಎತ್ತಿಕೊಂಡು ಬರುತ್ತಿದ್ದರು. “ಹಾಸಿಗೆ ಇರೋದು ರಾತ್ರಿಗೆ” ಎಂದು ಅವಳು ಬೆಳಗಾಗುತ್ತಲೇ ಎಲ್ಲರನ್ನೂ ಅಂಗಳಕ್ಕೆ ಎಬ್ಬಿಸುತ್ತಿದ್ದಳು. ಆಗಿನಿಂದಲೂ ಇದ್ದ ಆಯಮ್ಮನಿಗೆ ಆ ಗದ್ದಲವೇ ಬದುಕಾಗಿ ಹೋಗಿತ್ತು.

ನರ್ಸಮ್ಮ ಕಣ್ಣು ಮುಚ್ಚಿದ ಮೇಲೆ ಸಮಿತಿ ಬಂತು, ಸಮಿತಿಯ ಹಿಂದೆ ಕಾರ್ಯದರ್ಶಿ ಬಂದರು. ಹೆಂಚು ಹೋಗಿ ತಾರಸಿಯಾಯಿತು. ಒಮ್ಮೆ ದಾನಿಯೊಬ್ಬರು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ನೋಡಿ, “ಇವರಿಗೇನ್ರೀ ರೋಗ? ನಮ್ಮನೆ ಮಕ್ಕಳಿಗಿಂತ ಗಟ್ಟಿಯಾಗಿದಾರಲ್ಲ!” ಎಂದು ನಕ್ಕು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಅಂದಿನಿಂದ ಕಾರ್ಯದರ್ಶಿಯ ಕಟ್ಟಪ್ಪಣೆ: ದಾನ ಕೊಡುವ ದೊಡ್ಡವರು ಬಂದಾಗೆಲ್ಲ ನಡೆಯಬಲ್ಲ ಮಕ್ಕಳೂ ಕತ್ತಿನವರೆಗೆ ಹೊದ್ದು ಮಲಗಬೇಕು. ಯಾರಾದರೂ ಏಳು ಅಂದರೆ ಆಗಲ್ಲ ಅನ್ನಬೇಕು.

ಮಕ್ಕಳು ಅದನ್ನೂ ಆಟ ಮಾಡಿಕೊಂಡರು. ಆ ಆಟದಲ್ಲಿ ಮಿಡತೆ ಎಂಬುವಳನ್ನು ಮೀರಿಸುವವರಿರಲಿಲ್ಲ. ಕೀಲುಗಳೆಲ್ಲ ಬಾತು ತಾಯಿಯ ಹೆಗಲ ಮೇಲೆ ಬಂದಿದ್ದ ಹುಡುಗಿ ಈಗ ನಿಂತಲ್ಲಿ ನಿಲ್ಲುತ್ತಿರಲಿಲ್ಲ; ಆ ಹೆಸರು ಬಂದದ್ದೂ ಅದರಿಂದಲೇ. “ಎದ್ದು ಓಡಾಡಿದ ದಿನ ಕರ್ಕೊಂಡು ಹೋಗ್ತೀನಿ. ಎತ್ಕೊಂಡು ಕೂತ್ರೆ ಕೂಲಿಗೆ ಹೋಗೋರ್ಯಾರು?” ಎಂದು ತಾಯಿ ಹೇಳಿಹೋಗಿದ್ದಳು. ಮಗಳಿಗೆ ಕಾಲು ಬಂದ ಸುದ್ದಿಯನ್ನು ಆಯಮ್ಮ ಸಂತೆಗೆ ಹೋಗುವವರ ಬಾಯಲ್ಲಿ ಹೇಳಿ ಕಳಿಸಿದಳು.

ತಾಯಿ ಮೈದುನನನ್ನು ಕರೆದುಕೊಂಡು ಬಂದ ದಿನವೇ, ಹೇಳದೆ ಕೇಳದೆ, ಎರಡು ಕಾರು ತುಂಬ ದೊಡ್ಡವರೂ ಬಂದಿಳಿದರು. ಆಯಮ್ಮ ಅವರಿಗೆ ಚಹಾ ಸೋಸಿ ತಟ್ಟೆ ಹಿಡಿದು ಬರುವಷ್ಟರಲ್ಲಿ ತಾಯಿ ಮಂಚದಂಚಿಗೆ ಕೂತು, ಕತ್ತಿನವರೆಗೆ ಹೊದ್ದು ಮಲಗಿದ್ದ ಮಗಳ ಕೆನ್ನೆ ಸವರುತ್ತಿದ್ದಳು. ಪಕ್ಕದಲ್ಲೇ ಕಾರ್ಯದರ್ಶಿ, ಅವರ ಹಿಂದೆ ದೊಡ್ಡವರು.

“ಏಳು ಪುಟ್ಟಿ, ನಡೆದು ತೋರ್ಸು. ಚಿಕ್ಕಪ್ಪನೂ ನೋಡ್ಲಿ.”

ಮಿಡತೆ ಕಾರ್ಯದರ್ಶಿಯ ಮುಖ ನೋಡಿದಳು. “ಆಗಲ್ಲಮ್ಮ” ಎಂದಳು, ದನಿಯನ್ನು ಎಷ್ಟು ಬೇಕೋ ಅಷ್ಟೇ ಸಣ್ಣಗೆ ಮಾಡಿ. ದೊಡ್ಡವರಲ್ಲೊಬ್ಬಾಕೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಆಯಮ್ಮ ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ಅವಳತ್ತ ಕಣ್ಣು ಬಿಟ್ಟರು.

ತಾಯಿ ಹೊದಿಕೆ ಸರಿಮಾಡಿ ಎದ್ದು ಹೊರಟಳು.

ಆಗ ಆಯಮ್ಮ ತಟ್ಟೆಯನ್ನು ಕಿಟಕಿಯಲ್ಲಿಟ್ಟು ಗೇಟಿನವರೆಗೆ ಓಡಿದಳು. “ನಿಲ್ಲು ತಾಯಿ! ಅವಳು ನಡೀತಾಳೆ, ಓಡ್ತಾಳೆ. ಅದೆಲ್ಲ ಬಂದೋರ ಮುಂದೆ ಆಡೋ ಆಟ. ಅವರು ಹೋಗ್ಲಿ, ಕಣ್ಣಾರೆ ನೋಡ್ವಂತೆ.”

“ಸಮಾಧಾನಕ್ಕೆ ಇಲ್ಲದ್ದೆಲ್ಲ ಹೇಳ್ಬೇಡಕ್ಕ. ಅವಳ ಬಾಯಲ್ಲೇ ಕೇಳಿದೆನಲ್ಲ.”

“ಇವಳ ಮಾತು ಕಟ್ಕೊಂಡು ಒಂದು ದಿನದ ಕೆಲಸ ಹೋಯ್ತು” ಎಂದ ಮೈದುನ. “ನಡಿ ಅತ್ತಿಗೆ, ಈ ಬಸ್ಸು ತಪ್ಪಿದ್ರೆ ಇವತ್ತು ಇನ್ನಿಲ್ಲ.”

ತಾಯಿ ಗೇಟಿನೆದುರು ಬಂದು ನಿಂತ ಬಸ್ಸಿನ ಕಂಬಿ ಹಿಡಿದುಕೊಂಡೇ ತಿರುಗಿದಳು. “ಇಲ್ಲೇ ಇರ್ಲಿ. ಹೊತ್ತು ಹೊತ್ತಿಗೆ ಊಟನಾದ್ರೂ ಸಿಗುತ್ತೆ. ನಾನಿನ್ನು ಬರಲ್ಲಕ್ಕ, ನೋಡಿದ್ರೆ ಕರುಳು ಕಿತ್ತು ಬರುತ್ತೆ.”

ಆಯಮ್ಮ ಒಳಗೆ ಬಂದಾಗ ದೊಡ್ಡವರು ಪಕ್ಕದ ಮಂಚಕ್ಕೆ ಸರಿದಿದ್ದರು. ಮಿಡತೆ ಒಂದೇ ಕಣ್ಣು ತೆರೆದಳು.

“ಅಮ್ಮ ಹೊರಗೆ ಕಾಯ್ತಿದಾಳಲ್ವಾ? ಇವರು ಹೋಗ್ಲಿ, ಬಾವಿ ತನಕ ಓಡಿ ತೋರಿಸ್ತೀನಿ. ಚೆನ್ನಾಗಿ ಮಲಗಿದ್ನಾ?”

ಕಾರ್ಯದರ್ಶಿ ಇತ್ತ ತಿರುಗಿದರು. ಆಯಮ್ಮ ಹೊದಿಕೆಯನ್ನು ಹುಡುಗಿಯ ಕತ್ತಿನವರೆಗೆ ಎಳೆದಳು.

“ಚೆನ್ನಾಗಿ ಮಲಗಿದೀಯ ಕಣೇ. ಮಲಗಿರು.”