ಬಿಳಿ ಮುದ್ದೆ

ಪಾತ್ರೆಯ ಆವಿಯಲ್ಲಿ ಜೋಳದ ವಾಸನೆ ಎದ್ದಿತು, ಮೊದಲ ಮಳೆಗೆ ನೆಂದ ಎರೆಮಣ್ಣಿನಂಥದು, ತುಮಕೂರಿನ ಈ ಅಡುಗೆಮನೆಯಲ್ಲಿ ಬಸವಲಿಂಗಮ್ಮನ ಕಣ್ಣು ಹಾಗೇ ಮುಚ್ಚಿತು — ವಿಜಯಪುರದ ಕಡೆಯ ಆ ಮನೆಯಲ್ಲಿ ಅವಳು ಬರೀ ಬಸವ್ವ, ಬಾಗಿಲ ಹಿಂದೆ ಕೂತು ಕೇಳುತ್ತಾಳೆ, ಅವ್ವ ರೊಟ್ಟಿ ಬಡಿಯುತ್ತ ವಚನ ಹೇಳುತ್ತಾಳೆ, ಪಟಪಟ ಪಟಪಟ, ಅಂಕಿತ ಬರುವ ಹೊತ್ತಿಗೆ ರೊಟ್ಟಿ ಹೆಂಚಿಗೆ, ಅದರ ಮೈಮೇಲೆ ಐದು ಬೆರಳಿನ ಗುರುತು. ಅದೇ ಅವ್ವ ಈಗ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದಾಳೆ, ಮೊನ್ನೆ ಅಣ್ಣ ತಂದುಬಿಟ್ಟು ಹೋದ ಮೇಲೆ ತುತ್ತು ಮುಟ್ಟಿಲ್ಲ, ಮಗಳ ಗುರುತೂ ಇಲ್ಲ. ನಿನ್ನೆ ರಾಗಿಮುದ್ದೆ ಇಟ್ಟರೆ ತಟ್ಟೆ ಸರಿಸಿದಳು, ಯಾಕವ್ವ ಉಣ್ಣಲ್ವಾ ಅಂದರೆ, ನೀ ಯಾರ ಪೈಕಿ, ಈ ಕಡಿಯಾಕಿ ಇದ್ದಂಗ ಅದೀ, ನನ್ನ ಬಸವ್ವನ್ನ ಕರೀರಿ, ಆಕೀ ರೊಟ್ಟಿ ಬಡೀತಾಳ ಅಂದಳು. ಈ ಕಡೆಯವಳು — ಹೌದಲ್ಲ, ಉಣ್ಣಲ್ವಾ ಅಂದದ್ದು ಯಾರ ಬಾಯಿ? ಕುಣಿಗಲ್ ಸೀಮೆಯ ಕೊತ್ತಗೆರೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಮುದ್ದೆಯನ್ನು ಅಗಿದು ಅಗಿದು ಹಲ್ಲಿಗೆಲ್ಲ ಅಂಟಿಸಿಕೊಂಡಾಗ ಪಂಕ್ತಿಯೇ ನಕ್ಕಿತ್ತು, ಅತ್ತೆ ಚೆನ್ನಮ್ಮ ಮಾತ್ರ ಪಕ್ಕಕ್ಕೆ ಬಂದು, ಅಗೀಬಾರ್ದು ಕಣಮ್ಮಿ, ಸಾರಲ್ಲಿ ಅದ್ದಿ ಹಂಗೇ ನುಂಗ್ಬುಡು, ಗಂಟಲೇ ದಾರಿ ಮಾಡ್ಕತದೆ ಅಂದಿದ್ದಳು — ನುಂಗಿದಳು, ವರ್ಷಗಟ್ಟಲೆ ನುಂಗಿದಳು, ರುಚಿಯೂ ಹತ್ತಿತು, ರೊಟ್ಟಿಯ ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ. ಇವತ್ತು ಬಡಿಯಲೇಬೇಕು, ಅವ್ವನ ಕಿವಿಗೆ ಬಿದ್ದರೆ ಸಾಕು, ಗುರುತು ಹತ್ತುತ್ತದೆ, ಆ ವಚನದ ಮೊದಲ ಸಾಲು ಯಾವುದು, ನಾಲಿಗೆಯ ತುದಿಯಲ್ಲೇ ಇದೆ, ಉಳಿದ ಹಿಟ್ಟು ಸುರಿ, ಕೋಲು ತಿರುಗಿಸು, ಕೈ ಒದ್ದೆ ಮಾಡು, ಬಿಸಿ, ಒಂದು ಸುತ್ತು, ಇನ್ನೊಂದು ಸುತ್ತು, ಸಾಲು ಬಂತು, ಬಂತು — ಏನಮ್ಮಿ ಇದು, ಜೋಳ್ದಲ್ಲಿ ಮುದ್ದೆ ಕಟ್ಟಿದ್ಯಲ್ಲ, ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಚೆನ್ನಮ್ಮನ ನಗು, ನಿಮ್ಮೂರೋರು ಕಂಡ್ರೆ ಮನೆಗೆ ಸೇರಿಸ್ಕಳಲ್ಲ ಬುಡು!

ಕಣ್ಣು ಬಿಟ್ಟರೆ ತಟ್ಟೆಯಲ್ಲಿ ಬೆಳ್ಳಗೆ, ನುಣ್ಣಗೆ, ದುಂಡಗೆ — ಕೇಳದೆ ಹೇಳದೆ ಕೈಗಳೇ ಕಟ್ಟಿದ್ದು. ಮುಚ್ಚಿಡಬೇಕು ಅನ್ನುವಷ್ಟರಲ್ಲಿ ವಾಸನೆಯ ಜಾಡಿನಲ್ಲಿ ಅವ್ವ ಗೋಡೆ ಹಿಡಿದು ಬಂದು ನಿಂತಿದ್ದಾಳೆ, ನೋಡುತ್ತಾಳೆ, ನಗುವುದಿಲ್ಲ, ಹಿಟ್ಟು ಚಲೋ ನಾದೀದಿ, ಆದ್ರ ಹಿಂಗಲ್ಲವ್ವಾ, ಬಡೀಬೇಕು, ಅನ್ನುತ್ತ ಅಂಗೈ ಊರಿ ಒಂದೇ ಏಟು — ಪಟ್ — ಅಂಚಿನಿಂದ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಅಗಿಯುತ್ತಾಳೆ, ಅಗಿಯುತ್ತಲೇ, ಯಾರ ಮಗಳವ್ವಾ ನೀ? ಬಸವಲಿಂಗಮ್ಮನ ಬಾಯಲ್ಲಿ ಈಗ ಆ ಊರಿನ ಮಾತೂ ಇಲ್ಲ, ಈ ಊರಿನದೂ ಇಲ್ಲ, ವಚನದ ಸಾಲೂ ಇಲ್ಲ, ಬಿಳಿ ಮುದ್ದೆ, ಅದರ ಮೇಲೆ ಆವಿ, ಆವಿಯ ಕೆಳಗೆ ಐದು ಬೆರಳಿನ ಗುರುತು, ಐದು ಬೆರಳಿನ…