ಆನೆ ರಾಜಣ್ಣನ ಮೂರನೇ ಆಟ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ರಾಜಣ್ಣ ಗಂಟನ್ನು ಅರ್ಧಕ್ಕೆ ಬಿಟ್ಟು ತಲೆಯೆತ್ತಿದ. ಎದುರಿಗೆ ಮಾರಣ್ಣನ ಮಗಳು ಮಾಲಾ ನಿಂತಿದ್ದಳು.

"ಮಾವ, ಅಪ್ಪ ಆಸ್ಪತ್ರೇಲಿ ನಿಮಗೊಂದು ಮಾತು ಹೇಳು ಅಂದಿದ್ದ. ಆ ಆಟ ನೀವೇ ಗೆದ್ರಂತೆ."

"ಯಾವಾಗ ಅಂದ?"

"ನಿನ್ನೆ ಬೆಳಿಗ್ಗೆ. ಚೆನ್ನಾಗೇ ಮಾತಾಡ್ತಿದ್ದ. ಮಧ್ಯಾಹ್ನ ಹಿಂಗಾಗೋತು."

ಬಿದಿರಿನ ಇನ್ನೊಂದು ತುದಿ ಹಿಡಿದಿದ್ದ ಪಾಲಾಕ್ಷ ಇದನ್ನು ಕೇಳಿಸಿಕೊಂಡ. ಅವನು ಮಾರಣ್ಣನ ಒಡಹುಟ್ಟಿದ ತಮ್ಮ. ಮಾರಣ್ಣನ ಹುಟ್ಟೂರು ಬಿ.ಜಿ. ಕೆರೆಯ ಆ ಮನೆಯಂಗಳದಲ್ಲಿ ಚಳ್ಳಕೆರೆಯಿಂದ ಬೆಳಗಿನ ಬಸ್ಸಿಗೆ ಬಂದ ಏಳೆಂಟು ಜನ ಆಟದ ಗೆಳೆಯರಿದ್ದರು. ಪಾಲಾಕ್ಷ ಅವರತ್ತ ತಿರುಗಿದ.

"ಕೇಳಿದ್ರೇನ್ರಪ್ಪಾ. ಮೂರಕ್ಕೆ ಮೂರೂ ಗೆದ್ದವ್ನೆ. ಇವತ್ತಿಂದ ಇವನ್ನ ಯಾರೂ ಆನೆ ರಾಜಣ್ಣ ಅನ್ನಂಗಿಲ್ಲ."

ಒಬ್ಬ ಬಂದು ರಾಜಣ್ಣನ ಬೆನ್ನು ತಟ್ಟಿದ. ಸಾವಿನ ಮನೆಯಲ್ಲಿ ಹಿಗ್ಗಬಾರದು, ರಾಜಣ್ಣನಿಗೂ ಅದು ಗೊತ್ತು. ಆದರೂ ಹಿಗ್ಗಿದ. ಹಿಗ್ಗಿದ್ದಕ್ಕೆ ನಾಚಿಕೆಪಟ್ಟು ಗಂಟನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿದ.

*

ಚಳ್ಳಕೆರೆಯ ಮಾರುಕಟ್ಟೆ ಗೇಟಿನೆದುರು ಮಾರಣ್ಣನ ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಹಾಕುವುದು ಹೊಟ್ಟೆಪಾಡು, ಚದುರಂಗ ಚಟ. ಅಂಗಡಿ ಮುಂದಿನ ಬೇವಿನ ಕೆಳಗೆ ಆಡುವವರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಹಾಗಾಗಿ ಎದುರಿಗೆ ಕೂತವನ ತಾಕತ್ತು ನೋಡಿ ತನ್ನ ಕಡೆಯ ಒಂದು ಕಾಯಿಯನ್ನು ಮೊದಲೇ ತೆಗೆದಿಟ್ಟು ಆಡುತ್ತಿದ್ದ. ತಮ್ಮನಿಗೆ ಕುದುರೆ ಬಿಡುತ್ತಿದ್ದ. ಮಾರುಕಟ್ಟೆಯಲ್ಲಿ ಶೇಂಗಾ ಮೂಟೆ ಹೊರುವ ರಾಜಣ್ಣನಿಗೆ ಅದಕ್ಕಿಂತ ದೊಡ್ಡ ಕಾಯಿ, ಆನೆಯನ್ನೇ ಬಿಡಬೇಕಿತ್ತು.

ಬಿಟ್ಟ ಕಾಯಿ ಹೆಸರಿಗೆ ಅಂಟುತ್ತಿತ್ತು. ಹದಿನೆಂಟು ವರ್ಷ ಅವನು ಆನೆ ರಾಜಣ್ಣ. ಗೊತ್ತಿಲ್ಲದವರು ಅವನ ಮೈಕಟ್ಟು ನೋಡಿ ಇಟ್ಟ ಹೆಸರು ಅಂದುಕೊಳ್ಳುತ್ತಿದ್ದರು. ಗೊತ್ತಿದ್ದವರು ಮುಸಿಮುಸಿ ನಗುತ್ತಿದ್ದರು. ರೇಷನ್ ಅಂಗಡಿಯಲ್ಲಿ ಅವನ ಹೆಂಡತಿಯನ್ನೂ ಆನೆ ರಾಜಣ್ಣನ ಮನೆಯವಳು ಎಂದೇ ಕೂಗುತ್ತಿದ್ದರು. ಆ ಹೆಸರು ಕಳಚಲು ಒಂದೇ ದಾರಿ: ಮಾರಣ್ಣನನ್ನು ಸತತ ಮೂರು ಆಟ ಸೋಲಿಸಬೇಕು. ಆಮೇಲೆ ಆನೆ ವಾಪಸ್ಸು ಮನೆಗೆ ಬರುತ್ತದೆ, ಸಮಸಮ ಆಟ.

ಒಮ್ಮೆ ಸೋತು ಸುಣ್ಣವಾಗಿದ್ದ ರಾಜಣ್ಣ ಬಾಯಿಬಿಟ್ಟು ಕೇಳಿಯೇಬಿಟ್ಟಿದ್ದ. "ಒಂದು ಸಲ ಸೋತುಬಿಟ್ರೆ ನಿನ್ ಗಂಟೇನ್ ಹೋಗ್ತೈತಣ್ಣ?"

ಮಾರಣ್ಣ ಟ್ಯೂಬಿಗೆ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. ಅವನಿಗೆ ಸಿಟ್ಟು ಬಂದದ್ದನ್ನು ರಾಜಣ್ಣ ನೋಡಿದ್ದು ಅದೊಂದೇ ಸಲ.

"ಲೇ, ಕಾಯಿ ಬಿಡ್ತೀನಿ, ಆಟ ಬಿಡಲ್ಲ. ಕಾಯಿ ಬಿಡೋದು ನಿನ್ ಕಣ್ಣೆದುರಿಗೆ, ಎಲ್ಲರೆದುರಿಗೆ. ಆಟ ಬಿಡೋದು ಕಳ್ಳತನ. ನಿನಗಂತಾ ಅವಮಾನ ನಾನು ಮಾಡಲ್ಲ."

*

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚಟ್ಟ ಎತ್ತಿದರು. ಮಾರಣ್ಣನ ಹೆಂಡತಿ ರಾಧಮ್ಮ ಬಾಗಿಲವರೆಗೂ ಬಂದು ಕುಸಿದು ಕೂತಳು. ತಲೆಯ ಕಡೆ ಎಡಕ್ಕೆ ಪಾಲಾಕ್ಷ, ಬಲಕ್ಕೆ ರಾಜಣ್ಣ ಹೆಗಲು ಕೊಟ್ಟಿದ್ದರು. ಹೂಳಬೇಕಿದ್ದ ಮನೆತನದ ಹೊಲ ಊರಾಚೆ, ಶೇಂಗಾ ಕಿತ್ತು ಬೋಳಾದ ನೆಲ. ಕ್ವಿಂಟಲ್ ಲೆಕ್ಕದಲ್ಲಿ ಹೊತ್ತವನಿಗೆ ಈ ಭಾರ ಏನೂ ಅಲ್ಲ. ಆದರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಗ್ಗು ಇಳಿದು ಅದರ ಜಾಗದಲ್ಲಿ ಅನುಮಾನ ಕೂತಿತ್ತು.

ಸೋಮವಾರ ಸಂಜೆ ಮೂರನೇ ಆಟ. ಅದಕ್ಕೆ ಹಿಂದಿನ ಎರಡನ್ನೂ ರಾಜಣ್ಣ ಬೆವರು ಸುರಿಸಿ ಗೆದ್ದಿದ್ದ, ಅದರಲ್ಲಿ ಮೋಸವಿರಲಿಲ್ಲ. ಮೂರನೆಯದರಲ್ಲಿ ಅವನ ಸಿಪಾಯಿಯೊಂದು ಕೊನೆಯ ಮನೆಗೆ ಒಂದೇ ಹೆಜ್ಜೆ ದೂರದಲ್ಲಿತ್ತು, ಮುಟ್ಟಿದರೆ ಮಂತ್ರಿ. ಮಾರಣ್ಣ ಕುದುರೆ ಹಾರಿಸಿ ಚೆಕ್ ಕೊಟ್ಟ. ರಾಜಣ್ಣ ರಾಜನನ್ನು ಮೂಲೆಗೆ ಸರಿಸಿದ. ಇನ್ನೊಂದು ನಡೆಗೆ ಆ ಕುದುರೆಯೂ ಹೋಗುವಂತಿತ್ತು. ಪಾಲಾಕ್ಷನ ಜೊತೆ ನಿಂತು ನೋಡುತ್ತಿದ್ದವರು, ಮುಗೀತು ಮಾರಣ್ಣ, ಅಂದಿದ್ದರು.

ಮಾರಣ್ಣನ ಕೈ ಮಂತ್ರಿಯ ಮೇಲೆ ಹೋಗಿ ನಿಂತಿತು. ಮುಟ್ಟಲಿಲ್ಲ. ಅವನು ಒಮ್ಮೆ ರಾಜಣ್ಣನ ಮುಖ ನೋಡಿದ. ಆಮೇಲೆ ಅದೇ ಕೈಯನ್ನು ಎದೆಗೆ ಒತ್ತಿಕೊಂಡು, "ನಾಳೆ ಆಡಾಣ ಬಿಡು, ಯಾಕೋ ಎದೆ ಹಿಡೀತೈತೆ" ಅಂದ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ರಾಜಣ್ಣನೇ.

ಮಂತ್ರಿಯ ಮೇಲೆ ಯಾಕೆ ಹೋಯಿತು ಕೈ?

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿದರು. ಶಾಸ್ತ್ರ ಮುಗಿಸಿ ಮತ್ತೆ ಎತ್ತಿದರು. ರಾಜಣ್ಣನಿಗೆ ಸುತ್ತಲಿನ ಜನ ಕಾಣುತ್ತಿರಲಿಲ್ಲ, ಮಣೆಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಮೂಲೆಯಲ್ಲಿ ತನ್ನ ರಾಜ, ಮುಂದೆ ತನ್ನವೇ ಎರಡು ಸಿಪಾಯಿ. ಮಾರಣ್ಣ ತನ್ನ ಮಂತ್ರಿಯನ್ನು ತಂದು ರಾಜನ ಮಗ್ಗುಲಲ್ಲೇ ನಿಲ್ಲಿಸಿದರೆ? ಹುಚ್ಚು ನಡೆ, ಸುಮ್ಮನೆ ಮಂತ್ರಿ ಹೋಗುತ್ತದೆ. ಆದರೆ ರಾಜ ಅದನ್ನು ಹೊಡೆಯುವಂತಿಲ್ಲ, ಹಿಂದೆ ಕುದುರೆಯ ಕಾವಲಿದೆ. ಆನೆಯಿಂದಲೇ ಹೊಡೆಯಬೇಕು. ಹೊಡೆದ ಆನೆ ಅಲ್ಲೇ ಕೂತು ರಾಜನಿಗಿದ್ದ ಒಂದೇ ಬಾಗಿಲನ್ನು ಮುಚ್ಚುತ್ತದೆ. ಆಮೇಲೆ ಕುದುರೆ ಒಂದು ಸಲ ಹಾರಿದರೆ ಸಾಕು, ಚೆಕ್‌ಮೇಟ್.

ರಾಜಣ್ಣನ ಹೆಜ್ಜೆ ತಪ್ಪಿತು. ಚಟ್ಟ ಬಲಕ್ಕೆ ವಾಲಿತು.

"ಹುಷಾರು ಕಣೋ," ಪಾಲಾಕ್ಷ ಗದರಿದ.

ಆಸ್ಪತ್ರೆಯಲ್ಲಿ ಮೂರು ದಿನ ಚಾವಣಿ ನೋಡುತ್ತ ಮಲಗಿದ್ದವನು ಆಟ ಬಿಟ್ಟುಕೊಟ್ಟಿದ್ದ. ಅವಮಾನ ಮಾಡಲ್ಲ ಅಂದಿದ್ದವನೇ ಸಾಯುವ ಮುಂಚೆ ಮಾಡಿದ್ದ. ರಾಜಣ್ಣನಿಗೆ ಹೆಗಲ ಮೇಲಿದ್ದವನ ಮೇಲೆ ಕೆಟ್ಟ ಸಿಟ್ಟು ಬಂತು. ಅದರ ಹಿಂದೆಯೇ ಅದಕ್ಕಿಂತ ಕೆಟ್ಟ ಆಸೆಯೂ ಬಂತು. ಬೇರೆ ಯಾರಿಗೂ ಇದು ಕಂಡಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಹದಿನೆಂಟು ವರ್ಷದ ಹೆಸರು ಇಲ್ಲೇ ಮಣ್ಣಾಗುತ್ತದೆ. ಬಾಯಿ ಬಿಟ್ಟರೆ ಸಾಯುವ ತನಕ ಆನೆ ರಾಜಣ್ಣ. ಯಾಕೆಂದರೆ ಇನ್ನು ಗೆಲ್ಲಲು ಎದುರಿಗೆ ಮಾರಣ್ಣನೇ ಇಲ್ಲ.

*

ಗುಂಡಿಗೆ ಇಳಿಸಿದರು. ಮನೆಯವರು ಮೂರು ಮೂರು ಹಿಡಿ ಮಣ್ಣು ಹಾಕಿದರು. ಗೆಳೆಯರ ಸರದಿಯಲ್ಲಿ ಎಲ್ಲರೂ ರಾಜಣ್ಣನನ್ನೇ ಮುಂದೆ ಬಿಟ್ಟರು. ಪಾಲಾಕ್ಷ ಪಕ್ಕದವನಿಗೆ, "ನಮ್ಮಣ್ಣನ್ನ ಮೂರು ಸಲ ಕೆಡವಿದ ಗಂಡು" ಎಂದು ತೋರಿಸುತ್ತಿದ್ದ. ಅವನ ದನಿಯಲ್ಲಿ ಹೆಮ್ಮೆಯಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ರಾಜಣ್ಣ ಒಂದು ಹಿಡಿ ಹಾಕಿದ. ಎರಡನೆಯದನ್ನೂ ಹಾಕಿದ. ಮೂರನೆಯ ಹಿಡಿಯನ್ನು ಕೈಯಲ್ಲೇ ಬಿಗಿದುಕೊಂಡು ನಿಂತ. ಹಿಂದಿದ್ದವರು ಕಾದರು.

"ನಾನು ಗೆದ್ದಿಲ್ಲ," ಅಂದ.

"ಏನಂದೆ?" ಪಾಲಾಕ್ಷ ಕೇಳಿದ.

"ಮಂತ್ರಿ ಕೊಟ್ಟು ಕುದುರೇಲಿ ಮುಗಿಸ್ತಿದ್ದ. ಎರಡೇ ನಡೆ. ಅವನಿಗೆ ಕಂಡಿತ್ತು, ಆಡಲಿಲ್ಲ." ಗುಂಡಿಯೊಳಗೆ ನೋಡುತ್ತ ದನಿ ಏರಿಸಿದ. "ಯಾಕಣ್ಣ ಹಿಂಗ್ ಮಾಡ್ದೆ? ನಾನೇನ್ ಭಿಕ್ಷೆ ಕೇಳಿದ್ನಾ? ಸೋತೀನಿ ಕಣಣ್ಣ. ಸೋತೀನಿ, ತಗ."

ಮುಷ್ಟಿ ಬಿಚ್ಚಿ ಮಣ್ಣು ಬಿಟ್ಟ. ಬೆಳಗಿನಿಂದ ಒಂದು ಹನಿಯೂ ಬಾರದ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಊರಿನವರು ದುಃಖಕ್ಕೆ ತಲೆ ಕೆಟ್ಟಿದೆ ಎಂದು ಅವನ ರಟ್ಟೆ ಹಿಡಿದುಕೊಂಡರು.

ಪಾಲಾಕ್ಷ ಮಾತ್ರ ಗುಂಡಿಯ ಪಕ್ಕದ ಹಸಿ ಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮನೆಗಳನ್ನು ಗೀರಿದ. ರಾಜನಿಗೆ ಒಂದು ಬೆಣಚುಕಲ್ಲು, ಆನೆಗೆ ಒಂದು ಹೆಂಟೆ, ಕುದುರೆಗೆ ಶೇಂಗಾ ಸಿಪ್ಪೆ. ಮಂತ್ರಿಯೆಂದು ಒಂದು ಕಡ್ಡಿ ತಂದಿಟ್ಟ, ತೆಗೆದ. ಆನೆಯನ್ನು ಸರಿಸಿದ. ಸಿಪ್ಪೆಯನ್ನು ಎತ್ತಿ ಇಟ್ಟ. ಆಟದ ಗೆಳೆಯರು ಅವನ ಬೆನ್ನ ಹಿಂದೆ ಬಗ್ಗಿ ನೋಡಿದರು. ಪಾಲಾಕ್ಷ ತಲೆಯೆತ್ತಿದ.

"ಇದನ್ನ ಕಾಣಬೇಕಾದ್ರೆ ನಮ್ಮಣ್ಣನೇ ಆಗ್ಬೇಕು. ನಿನಗೆ ಯಾವಾಗ ಕಾಣ್ತಲೇ?"

"ಅವನು ಹೆಗಲ ಮೇಲಿದ್ದಾಗ."

ಪಾಲಾಕ್ಷ ಎರಡೂ ಕೈಯಿಂದ ಆ ಮಣ್ಣನ್ನು ಗೀರಿದ ಮನೆಗಳ ಸಮೇತ, ಕಲ್ಲು, ಹೆಂಟೆ, ಸಿಪ್ಪೆಯ ಸಮೇತ ಬಾಚಿ ಎತ್ತಿಕೊಂಡು ಮೆಲ್ಲಗೆ ಅಣ್ಣನ ಎದೆಯ ಮೇಲೆ ಬಿಟ್ಟ.